ಬ್ಯಾರೇಜಿನ ಕೆಳಗಿನ ಕುರಿದಾರಿ

ಮಳೆಗಾಲ ಹಿಂದೆ ಸರಿದ ಮೇಲೆ ಕಾಂತಾಬಾಯಿ ಮಾಂಜ್ರಾ ಹೊಳೆಯ ದಂಡೆಗೆ ಬಂದಳು. ಹೋದ ಬೇಸಿಗೆಯಲ್ಲಿ ಕುರಿಗಳನ್ನು ನೆರಳಿಗೆ ನಿಲ್ಲಿಸುತ್ತಿದ್ದ ಜಾಲಿಗಿಡ ಅಲ್ಲಿರಲಿಲ್ಲ. ಬಿದ್ದಿದ್ದರೆ ಕಾಂಡವಾದರೂ ಕಾಣಬೇಕಿತ್ತು. ಗಿಡವೂ ಇಲ್ಲ, ಗಿಡ ನಿಂತಿದ್ದ ನೆಲವೂ ಇಲ್ಲ. ಕಾಲಿನ ಮುಂದೆ ದಂಡೆ ಚಾಕುವಿನಿಂದ ಕೊಯ್ದ ಹಾಗೆ ಕಡಿದು ನಿಂತಿತ್ತು, ಕೆಳಗೆ ಕಂದು ನೀರು ಏನೂ ಗೊತ್ತಿಲ್ಲದವರಂತೆ ಸುಮ್ಮನೆ ಹರಿಯುತ್ತಿತ್ತು.

ಅವಳ ಊರು ಮಾಳೇವಾಡಿ. ಸಂತಪುರದಿಂದ ಹೊಳೆಯ ಕಡೆಗೆ ಇಳಿಯುವ ದಾರಿ ಅಲ್ಲಿಗೆ ಬಂದು ಮುಗಿಯುತ್ತದೆ. ಈಚೆ ದಂಡೆ ಔರಾದ ತಾಲ್ಲೂಕು, ಆಚೆ ದಂಡೆ ಭಾಲ್ಕಿ. ನಡುವೆ ಸರಕಾರ ಒಂದು ಬ್ಯಾರೇಜು ಕಟ್ಟಿದೆ. ಮೇಲೆ ಸೇತುವೆ, ಕೆಳಗೆ ನೀರು ನಿಲ್ಲಿಸುವ ಕಬ್ಬಿಣದ ಬಾಗಿಲು. ಅದರಿಂದ ಮೇಲ್ಭಾಗದ ಹೊಲಗಳಿಗೆಲ್ಲ ನೀರಾಯಿತು, ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಮಳೆಗಾಲದಲ್ಲಿ ಬಾಗಿಲೆತ್ತಿದಾಗ ನೀರು ಮೊದಲಿನಂತೆ ಹೊಳೆಯ ತುಂಬ ಹರಡಿಕೊಂಡು ಬರುವುದಿಲ್ಲ. ಹಗ್ಗ ಬಿಚ್ಚಿದ ಹೋರಿಯಂತೆ ಒಂದೇ ಕಡೆಗೆ ನುಗ್ಗುತ್ತದೆ.

ಆ ನುಗ್ಗನ್ನು ತಡೆಯಲೆಂದೇ ಬ್ಯಾರೇಜಿನ ಬಗಲಿಗೆ ದಂಡೆಗುಂಟ ಒಂದು ಗೋಡೆ ಇದೆ. ಅದು ಹೊಳೆಯ ಕೆಳಗಿನ ಹುಣಸೆಮರದ ತನಕ ಹೋಗಬೇಕಿತ್ತು, ಅರ್ಧಕ್ಕೇ ನಿಂತಿದೆ. ನಿಲ್ಲಿಸಿದವರು ಕುರಿಯವರೇ. ಕಟ್ಟುವಾಗ ಅವರೆಲ್ಲ ಹೋಗಿ, ನಮ್ಮ ಹಿಂಡು ನೀರಿಗೆ ಇಳಿಯುವ ದಾರಿ ಬಿಡಿರಿ ಎಂದು ಮೈಲಾರ ಮಲ್ಲಣ್ಣನ ಭಂಡಾರದ ಅರಿಶಿನ ಹಚ್ಚಿದ ಕೋಲು ನೆಟ್ಟು ಕೂತಿದ್ದರು. ಕಾಂತಾಬಾಯಿಯ ಗಂಡ ಬಸವಣ್ಣೆಪ್ಪ ಆಗಿನ್ನೂ ಇದ್ದ, ಅವನೇ ಮುಂದೆ. ನೀರಡಿಸಿದ ಕುರಿ ಬಳಸಿ ನಡೆಯುವುದಿಲ್ಲ, ವಾಸನೆ ಬಂದ ಕಡೆ ಮೂತಿ ಮಾಡಿ ಓಡುತ್ತದೆ. ಆದ್ದರಿಂದ ದಾರಿ ನೆಟ್ಟಗೇ ಇರಬೇಕು ಎಂದು ಪಟ್ಟು ಹಿಡಿದರು. ಕಟ್ಟುವವರಿಗೂ ಕೆಲಸ ಕಡಿಮೆಯಾಯಿತು, ಒಪ್ಪಿದರು. ನೆಟ್ಟಗೆ ಇಳಿಯುವ ದಾರಿಯಲ್ಲಿ ನೀರೂ ನೆಟ್ಟಗೆ ಏರಿ ಬಂದೀತೆಂದು ಆಗ ಯಾರಿಗೂ ತೋಚಲಿಲ್ಲ. ಊರಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಹೊಳೆ ಬಂದಾಗಲೆಲ್ಲ ಆಡಿಕೊಂಡು ನಗುತ್ತಿದ್ದರು, ಈಚೀಚೆಗೆ ನಗುವುದನ್ನು ಬಿಟ್ಟಿದ್ದರು.

"ವೈನಿ, ಗಿಡಾ ಹುಡುಕ್ಲತ್ತೀರೇನ್ರಿ? ಇಷ್ಟೊತ್ತಿಗಿ ಅದು ನಿಜಾಮಸಾಗರ ಮುಟ್ಟಿರಬೇಕು."

ಹಿಂದಿನಿಂದ ಬಂದವನು ಅವಳ ಮೈದುನ ಜ್ಞಾನೇಶ್ವರ. ಅಣ್ಣತಮ್ಮಂದಿರು ಬೇರೆಯಾದಾಗ ಕುರಿ ಅಣ್ಣನಿಗೆ, ಹೊಲ ತಮ್ಮನಿಗೆ ಎಂದಾಗಿತ್ತು. ದಂಡೆಯ ಮೇಲಿನ ಆ ಹೊಲ ಅವನದು. ಬೇಸಿಗೆಯಲ್ಲಿ ಕಾಂತಾಬಾಯಿಯ ಹಿಂಡು ಅಲ್ಲಿ ತಂಗುತ್ತದೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಸುಗ್ಗಿಯಲ್ಲಿ ಅವನ ಮನೆಯಿಂದ ಜೋಳ ಅವಳ ಮನೆಗೆ ಬರುತ್ತದೆ. ಬೇರೆಯಾದರೂ ಪೂರ್ತಿ ಬೇರೆಯಾಗದ ಮನೆತನ.

"ನಿನ್ನ ಬದು ಎಲ್ಲದಪ್ಪಾ?" ಎಂದಳು ಕಾಂತಾಬಾಯಿ.

"ಗಿಡದ ಕೂಡ ಹೋಯ್ತು. ಒಂದೇ ಹ್ಯಾಂಗ ಹೋಗ್ಲಿ ಅಂತ ಗಿಡಾ ಅಂದಿತ್ತು. ನಿಮ್ಮ ಕುರಿದಾರಿ ನನ್ನ ಹೊಲಾ ತಿಂತು ವೈನಿ."

"ಕುರಿ ಹೊಲಾ ತಿಂತಾವಂತ ಕೇಳೀನಿ. ದಾರಿ ತಿಂತದಂತ ಇವತ್ತೇ ಕೇಳ್ದೆ."

ಜ್ಞಾನೇಶ್ವರನ ಮುಖದಲ್ಲಿ ನಗು ಬಂದು ಅಲ್ಲೇ ಆರಿತು. "ನಗ್ರಿ. ಈ ಸಲ ಮಂಜೂರಾಗ್ಯಾದ. ದೀಪಾವಳಿ ಆದ ಕೂಡ್ಲೇ ತಂತಿ ಜಾಳಿಗಿ ಪೆಟ್ಟಿಗ್ಯಾಗ ಕಲ್ಲ ತುಂಬಿ ಇಡ್ತಾರ. ಗ್ವಾಡಿ ಎಲ್ಲಿ ನಿಂತದ ಅಲ್ಲಿಂದ ಹುಣಸಿಗಿಡದ ತನಕ ಬಂದ್. ನಿಮ್ಮ ದಾರೀನೂ ಬಂದ್."

ಅವಳು ಹೊಳೆಯ ಮೇಲಕ್ಕೂ ಕೆಳಕ್ಕೂ ನೋಡಿದಳು. ಬ್ಯಾರೇಜಿನ ಮೇಲ್ಗಡೆ ನೀರಿದೆ, ಆದರೆ ದಂಡೆಯೆಲ್ಲ ಹೂಳು. ಇಳಿದ ಕುರಿ ಹೊಟ್ಟೆಯ ತನಕ ಸಿಕ್ಕಿಬೀಳುತ್ತದೆ. ಕೆಳಗೆ, ಆ ದಾರಿ ಮುಟ್ಟುವ ಜಾಗದಲ್ಲಿ ಮಾತ್ರ ಗರಸುಕಲ್ಲಿನ ನೆಲದ ಮೇಲೆ ತಿಳಿನೀರಿನ ಮಡು ಬೇಸಿಗೆಯಿಡೀ ನಿಲ್ಲುತ್ತದೆ. ದಾರಿ ಮುಚ್ಚಿದರೆ ಹಿಂಡು ಮಾರಬೇಕು. ಮುಚ್ಚದಿದ್ದರೆ ಹೊಲ ಹೊಳೆಯ ಪಾಲು. ಎರಡೂ ಒಂದೇ ಮನೆಯ ಅನ್ನ.

ಮರುದಿನ ಅವಳು ಹಿಂಡನ್ನು ಸೇತುವೆ ದಾಟಿಸಿ ಭಾಲ್ಕಿಯ ದಂಡೆಗೆ ಹೊಡೆದುಕೊಂಡು ಹೋದಳು. ಬೇರೆ ದಾರಿ ಉಂಟೋ ಎಂದು ತಾನೇ ನೋಡಬೇಕಿತ್ತು. ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು, ಕುರಿಗಳು ಕಂಬಿಗೆ ಒತ್ತಿಕೊಂಡು ನಿಂತವು. ಆಚೆ ಇಳಿದರೆ ನೀರಿನ ತನಕ ಕಬ್ಬೇ ಕಬ್ಬು. ಹೊಲದವನು ಏಕನಾಥ ಎಂಬವನು, ಒಳ್ಳೆಯ ಮನುಷ್ಯ, ಬದುವಿನ ಮೇಲೆ ಹಾದುಹೋಗಲು ಬಿಟ್ಟ.

"ಇವತ್ತು ಹೋಗ್ರಿ ಆಯಿ. ದಿನಾ ಅಂದ್ರ ಆಗಂಗಿಲ್ಲ. ನಾ ಬಿಟ್ಟೆ ಅಂದ್ರ ನಾಳಿ ಹಲಬರ್ಗಾ ಕಡಿ ಹಿಂಡೆಲ್ಲಾ ಇಲ್ಲೇ ಬರ್ತಾವ."

"ಖರೆ ಅದ ತಮ್ಮಾ," ಎಂದು ಅವಳು ಹಿಂದೆ ಬಂದಳು. ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ದಾರಿ ಹಗುರಾಗುತ್ತಿತ್ತೇನೋ.

ದೀಪಾವಳಿಗೆ ಮುಂಚೆಯೇ ಅಳತೆಗೆ ಜನ ಬಂದರು. ಅವರ ಮುಂದಾಳು ಶೀತಲ ಎಂಬ ಎಂಜಿನಿಯರು. ಬೀದರದ ನೌಬಾದದಲ್ಲಿ ಹುಟ್ಟಿ ಬೆಳೆದವಳು. ಕೆಲಸ ಸಿಕ್ಕಿ ಕರಾವಳಿಗೆ ಹೋಗಿ, ವರುಷಗಟ್ಟಲೆ ಸಮುದ್ರದ ದಂಡೆಯಲ್ಲೇ ಇದ್ದು, ಈಗ ವರ್ಗವಾಗಿ ತನ್ನ ಸೀಮೆಗೆ ಬಂದಿದ್ದಳು. ಬಿಸಿಲಿಗೆ ಸೆರಗು ತಲೆಗೆ ಸುತ್ತಿಕೊಂಡು ದಂಡೆಗುಂಟ ಕೆಂಪು ಬಣ್ಣದ ಗುರುತು ಹಾಕುತ್ತ ಬಂದವಳು ಕುರಿದಾರಿಯ ತಲೆಯಲ್ಲಿ ಕೂತಿದ್ದ ಮುದುಕಿಯನ್ನು ನೋಡಿ ನಿಂತಳು.

"ಜರಾ ಸರೀರಿ ಆಯಿ, ಇಲ್ಲೊಂದು ಗುರ್ತು ಹಾಕಬೇಕು."

"ಹಾಕವ್ವಾ. ನಾ ಸರಿದ್ರೂ ದಾರಿ ಸರಿಯಂಗಿಲ್ಲ." ಕಾಂತಾಬಾಯಿ ಸರಿದು ಕೂತಳು, ಪಕ್ಕದ ನೆಲ ಸೆರಗಿನಿಂದ ಒರೆಸಿ ಕೊಟ್ಟಳು. "ಕೂಡು. ಸಮುದ್ರದ ಕಡಿಂದ ಬಂದೀ ಅಂತಲ್ಲ. ಅಲ್ಲೀನೂ ದಂಡಿ ಹೋಗ್ತದೇನು?"

ಶೀತಲ ಕೂತು ಬಾಟಲಿಯ ನೀರು ಕುಡಿದಳು. "ಇದಕ್ಕಿಂತ ಜಾಸ್ತಿ ಹೋಗ್ತದ್ರಿ. ಅಲ್ಲಿ ದೊಡ್ಡ ದೋಣಿ ನಿಲ್ಲಾಕಂತ ಸರಕಾರ ಸಮುದ್ರದಾಗ ಉದ್ದ ಕಲ್ಲಿನ ಗ್ವಾಡಿ ಕಟ್ತು. ಉಸುಕು ದಂಡಿಗುಂಟ ನಡೀತಿರ್ತದ್ರಿ, ನಿಮ್ಮ ಹಿಂಡಿನಂಗ. ಗ್ವಾಡಿ ಅದಕ್ಕ ಅಡ್ಡ ಬಂತು. ಈ ಮಗ್ಗಲಾ ಉಸುಕು ಕೂಡಿ ಬಿತ್ತು, ಆ ಮಗ್ಗಲಾ ದಂಡಿ ಕೊಚ್ಚಿಕೊಂಡು ಹೋಯ್ತು. ಮನಿ ಉಳಿಲಿ ಅಂತ ಅಲ್ಲಿ ಕಲ್ಲ ಹಾಕಿದ್ರು. ದಂಡಿ ಕಡಿಯೂದು ಮುಂದಿನ ಊರಿಗಿ ಹತ್ತಿತು. ಅಲ್ಲೂ ಹಾಕಿದ್ರು."

"ಎಲ್ಲಿ ತನಕ?"

"ಕಲ್ಲು ಮುಗಿಯೂ ತನಕ," ಎಂದು ಶೀತಲ ನಕ್ಕಳು. "ಆಮ್ಯಾಲೆ ಕುಂತು ವಿಚಾರ ಮಾಡಿದ್ರು. ನಾವು ಕಟ್ಟಿದ್ದೇ ದಂಡಿ ತಿನ್ಲತ್ತದ ಅಂದ ಮ್ಯಾಲೆ ನಾವೇ ನೋಡ್ಕೋಬೇಕಲ್ಲ. ಕೂಡಿದ ಉಸುಕು ತಂದು ಖಾಲಿ ಬಿದ್ದಲ್ಲಿ ಹಾಕಿದ್ರು, ಸಣ್ಣ ಸಣ್ಣ ಗ್ವಾಡಿ ಕಟ್ಟಿ ನೀರಿನ ಜೋರು ಮುರಿದ್ರು. ಪೂರಾ ನಿಂತಿಲ್ಲ, ಕಮ್ಮಿ ಆಗ್ಯಾದ. ಇಲ್ಲಿ ಹೊಳಿಗೂ ಅದೇ ಕೆಲ್ಸ."

ಕಾಂತಾಬಾಯಿ ಸಮುದ್ರ ಕಂಡವಳಲ್ಲ. ಆದರೂ ಒಂದು ಪ್ರಶ್ನೆ ಅವಳಿಗೆ ಸಮುದ್ರ ಕಾಣದೆಯೇ ಹುಟ್ಟಿತು. "ಕಲ್ಲ ಹಾಕಿದ್ರಲ್ಲ, ಆ ದಂಡಿಮ್ಯಾಲಿನ ಬಡವರು ತಮ್ಮ ಸಣ್ಣ ದೋಣಿ ಎಲ್ಲಿ ಎಳೀತಿದ್ರು?"

ಶೀತಲ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದಳು. "ದೂರ ಹೋದ್ರು. ಕೆಲವ್ರು ದೋಣಿ ಮಾರಿದ್ರು."

"ಅದೇ ನಾ ಕೇಳಿದ್ದು."

"ನನ್ನ ಕೈಯಾಗಿಲ್ಲ ಆಯಿ. ನಕ್ಷೆ ಪಾಸಾಗ್ಯಾದ. ಬದಲಿ ಬೇಕಂದ್ರ ಬೀದರದಾಗ ಸಾಹೇಬ್ರಿಗಿ ಕೇಳಬೇಕು. ನೀವೇ ಬರ್ರಿ, ನಾ ಒಳಗ ಕರ್ಕೊಂಡು ಹೋಗ್ತೇನಿ."

ಕಾಂತಾಬಾಯಿ ಬೀದರಕ್ಕೆ ಹೋದಳು. ಸಂತಪುರದ ತನಕ ನಡೆದು, ಅಲ್ಲಿಂದ ಬಸ್ಸು. ಹೊರಡುವಾಗ ಜ್ಞಾನೇಶ್ವರ ಹೊಲದಿಂದ ಕೂಗಿ, "ಸಾಹೇಬ್ರಿಗಿ ನನ್ನ ಹೊಲದ ನಮಸ್ಕಾರಾನೂ ಹೇಳ್ರಿ, ಇನ್ನಾ ಉಳದದ ಅಂತ," ಎಂದ.

ಮೇಲಧಿಕಾರಿ ಅಶೋಕಕುಮಾರ ಬಿರುಸಿನ ಮಾತಿನವನು, ಕೆಟ್ಟವನಲ್ಲ. ಎದ್ದು ಕುರ್ಚಿ ಸರಿಸಿ ಕೂಡಿಸಿದ, ಚಹಾ ತರಿಸಿದ, ಪೂರ್ತಿ ಕೇಳಿದ. ಆಮೇಲೆ ತನ್ನ ಮಾತು ಹೇಳಿದ.

"ನೋಡ್ರಿ ಅವ್ವಾರ, ಗ್ವಾಡ್ಯಾಗ ಖಿಂಡಿ ಬಿಡ್ರಿ ಅಂತ ಹಿಂದ ಕೇಳಿದ್ರಿ, ಬಿಟ್ರು. ಅದರಿಂದಲೇ ಇಷ್ಟೆಲ್ಲಾ ಆಯ್ತು. ಈಗ ಮತ್ತ ಖಿಂಡಿ ಬಿಡ್ರಿ ಅಂತೀರಿ. ಈ ಸಲ ಹೊಲಾ ಹೋಯ್ತು. ಮುಂದ ಸೇತುವಿ ಬುಡಾನೇ ಸಡಲಾದ್ರ ನಾ ಯಾರಿಗಿ ಹೇಳ್ಲಿ?"

 ಕಾಂತಾಬಾಯಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಇದಕ್ಕೆ ಹೊಂದುವಂಥದು ಒಂದೂ ಇರಲಿಲ್ಲ. ಅವನು ಹೇಳಿದ್ದು ನಿಜ. ಚಹಾದ ಬಟ್ಟಲನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿಟ್ಟು ಹೇಳಿದಳು.

"ನಿಮ್ಮ ಮಾತು ಖರೆ ಅದ ಸಾಹೇಬ್ರ. ನನ್ನ ಕುರಿ ನೀರಡಿಕಿನೂ ಖರೆ ಅದ. ಎರಡಕ್ಕೂ ಕೂಡೂವಂಥದು ಏನರ ತಂದ್ರ ನೋಡ್ತೀರೇನು?"

ಅವನು ಶೀತಲಳ ಕಡೆ ನೋಡಿದ. ಅವಳು ನೆಲ ನೋಡಿದಳು.

"ಕೆಲ್ಸ ಹುಣಸಿಗಿಡದ ಕಡಿಂದ ಶುರು ಮಾಡ್ಸ್ತೇನಿ," ಎಂದ ಅಶೋಕಕುಮಾರ. "ನಿಮ್ಮ ದಾರಿ ಎಲ್ಲಾಕಿಂತ ಕಡಿಗಿ ಬರ್ತದ. ಕಲ್ಲು ಗ್ವಾಡಿಗಿ ಮುಟ್ಟೂದ್ರಾಗ ತಂದ್ರ ನೋಡ್ತೇನಿ. ಮುಟ್ಟಿದ ಮ್ಯಾಲೆ ತಂದ್ರ ನೋಡಂಗಿಲ್ಲ. ಆಮ್ಯಾಲೆ ನನ್ನ ಮ್ಯಾಲೆ ಬ್ಯಾಸರಾ ಮಾಡ್ಕೋಬ್ಯಾಡ್ರಿ."

"ಇಲ್ರಿ," ಎಂದು ಎದ್ದಳು. "ಮುಟ್ಟೂದ್ರಾಗ ಬರ್ತೇನಿ."

ಕೆಲಸ ಶುರುವಾಯಿತು. ತಂತಿಯ ಜಾಳಿಗೆಯ ಪೆಟ್ಟಿಗೆಗಳನ್ನು ದಂಡೆಯ ಬುಡದಲ್ಲಿ ಇಟ್ಟು, ಒಳಗೆ ಕಲ್ಲು ಒಂದೊಂದಾಗಿ ಕೂಡಿಸಿ, ಬಾಯಿ ಹೊಲಿಯುತ್ತಿದ್ದರು. ಆಳುಗಳ ಮುಕಾದಮ ಅಬ್ದುಲ ಸಮದ ಬೀದರದ ಕೋಟೆ ಓಣಿಯವನು. ಅವನ ಕೈಯಲ್ಲಿ ಇಕ್ಕಳ, ಬಾಯಲ್ಲಿ ಅಡಿಕೆ. ಪೆಟ್ಟಿಗೆಯ ಸಾಲು ದಿನದಿನಕ್ಕೆ ಹುಣಸೆಮರದಿಂದ ಕುರಿದಾರಿಯ ಕಡೆಗೆ ಬೆಳೆಯುತ್ತ ಬಂತು. ಕಾಂತಾಬಾಯಿ ಅದನ್ನು ನೋಡುತ್ತ ದಾರಿಯ ತಲೆಯಲ್ಲಿ ಕೂರುತ್ತಿದ್ದಳು. ಹಿಂಡು ಇಳಿಯುವುದನ್ನು ನೋಡುತ್ತಿದ್ದಳು, ಏರುವುದನ್ನು ನೋಡುತ್ತಿದ್ದಳು.

ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ನಡೆದವಳು. ಆದರೂ ನೋಡಬೇಕೆಂದು ನೋಡಿದ್ದು ಈಗಲೇ. ನೀರಡಿಸಿದ ಹಿಂಡು ನೆಟ್ಟಗೆ ಧೂಳೆಬ್ಬಿಸಿ ಇಳಿಯುತ್ತದೆ. ಆ ದಾರಿ ಆಳವಾದ ಕೊರಕಲಾಗಿದೆ. ಹೊಟ್ಟೆ ತುಂಬಿದ ಮೇಲೆ ಅದೇ ಹಿಂಡು ಆ ಕಡಿದಾದ ದಾರಿ ಏರುವುದಿಲ್ಲ. ಮಡುವಿನ ಕೆಳತುದಿಯಿಂದ ದಂಡೆಗುಂಟ ಓರೆಯಾಗಿ, ಒಂದರ ಹಿಂದೊಂದು, ಅವಸರವಿಲ್ಲದೆ ಮೇಲೆ ಬರುತ್ತದೆ. ಆ ಓರೆದಾರಿಯಲ್ಲಿ ಹುಲ್ಲು ಹಾಗೇ ಇದೆ, ಕೊರಕಲಿಲ್ಲ. ಈ ಸಲದ ನೀರು ಅದರ ಮೇಲೂ ಹರಿದಿತ್ತು.

ಶೀತಲ ಬಂದಾಗ ಅದನ್ನು ತೋರಿಸಿದಳು. ಶೀತಲ ಕಡ್ಡಿ ತೆಗೆದುಕೊಂಡು ಉಸುಕಿನಲ್ಲಿ ಗೆರೆ ಎಳೆದಳು. "ನೀರು ಮ್ಯಾಲಿಂದ ಕೆಳಗ ಹೋಗ್ತದ. ನೆಟ್ಟಗಿನ ದಾರಿ ಬಾಯಿ ಅದಕ್ಕ ಅಡ್ಡ ತೆರದದ, ಒಳಗ ಹೊಗ್ತದ. ಓರೆ ದಾರಿ ಬಾಯಿ ಕೆಳಗಿನ ಕಡಿ ತೆರದದ, ನೀರು ಬಗಲಿಂದ ಹಾದು ಹೋಗ್ತದ." ಕಡ್ಡಿ ನಿಲ್ಲಿಸಿ ತಾನೇ ಎಳೆದ ಗೆರೆಯನ್ನು ನೋಡಿದಳು. "ಸಮುದ್ರದಾಗ ದೋಣಿಯವರಿಗಿ ಹಿಂಗೇ ಒಂದು ಇಳಿಜಾರು ಬಿಡಬಹುದಿತ್ತು ಆಯಿ. ನಾವು ಯಾರೂ ಕೇಳ್ಲಿಲ್ಲ."

"ಈಗ ಕೇಳಿದ್ದಾಯ್ತಲ್ಲ. ಹಿಡಿ ಗುದ್ಲಿ."

"ಗುದ್ಲಿ ಹಿಡೀಲಾಕ ಹೊಲದವ್ರು ಒಪ್ಪಬೇಕು. ಓರೆ ದಾರಿಗಿ ದಂಡಿಗುಂಟ ಹೊಲದ ಅಂಚು ಬೇಕಾಗ್ತದ."

ಜ್ಞಾನೇಶ್ವರ ಒಪ್ಪಲಿಲ್ಲ. "ಹೊಳಿ ತಿಂದಿದ್ದು ಸಾಲ್ದು ಅಂತ ಈಗ ವೈನಿಗಿ ಒಂದು ತುತ್ತು ಕೊಡ್ಲಿ ಅಂತೀರೇನು?" ಎಂದು ಎತ್ತು ಹೊಡೆದುಕೊಂಡು ಹೋದ. ಹಾಗೆ ಹೋದವನ ಬೆನ್ನನ್ನು ಅವಳು ಸುಮ್ಮನೆ ನೋಡಿದಳು. ಆ ಬೆನ್ನಿನಲ್ಲಿ ಅವಳ ಗಂಡನದೇ ಬಾಗು.

ಅವಳು ಕಾಯಲಿಲ್ಲ. ಹೊಲ ಮುಟ್ಟದೆ, ಉಳಿದಿದ್ದ ಇಳಿಜಾರಿನಲ್ಲೇ ತಾನೇ ಗುದ್ದಲಿ ಹಿಡಿದು ಕಾಲುದಾರಿಯಷ್ಟು ಅಗಲ ಸವರಿದಳು. ಕಲ್ಲಿನ ಪೆಟ್ಟಿಗೆ ಅಷ್ಟು ಹೊತ್ತಿಗೆ ಹಳೇ ದಾರಿಯ ಅರ್ಧ ಮುಚ್ಚಿತ್ತು. ಒಂದು ಮಧ್ಯಾಹ್ನ ಮೇಯ್ದು ಬಂದ ಹಿಂಡನ್ನು ಹೊಸ ದಾರಿಗೆ ತಿರುಗಿಸಲು ನೋಡಿದಳು. ಹಿಂಡಿನ ಮುಂದೆ ಗಂಟೆ ಕಟ್ಟಿಕೊಂಡು ನಡೆಯುವ ಕುರಿಗೆ ಅವಳು ಗೌಡತಿ ಎಂದು ಹೆಸರಿಟ್ಟಿದ್ದಳು. ಗೌಡತಿ ತಿರುಗಲಿಲ್ಲ. ನೀರಿನ ವಾಸನೆ ಬಂದದ್ದೇ ಮೂತಿ ಎತ್ತಿ ನೆಟ್ಟಗೆ ನುಗ್ಗಿತು, ಹಿಂದೆ ಹಿಂಡೆಲ್ಲ. ಕಲ್ಲಿನ ಪೆಟ್ಟಿಗೆಗಳ ಮೇಲೆ ಹತ್ತಿ ಹಾರಿ ಇಳಿದವು. ಇನ್ನೂ ಬಾಯಿ ಹೊಲಿಯದ ಪೆಟ್ಟಿಗೆಯೊಂದು ಕಳಚಿ ಕಲ್ಲೆಲ್ಲ ಉರುಳಿದವು. ಗೌಡತಿಯ ಮುಂಗಾಲು ಜಾಳಿಗೆಯಲ್ಲಿ ಸಿಕ್ಕಿತು.

ಹೊಲದಲ್ಲಿದ್ದ ಜ್ಞಾನೇಶ್ವರ ಓಡಿ ಬಂದು ಕುರಿಯ ತಲೆಯನ್ನು ಮೊಣಕಾಲ ನಡುವೆ ಹಿಡಿದ. ಅಬ್ದುಲ ಸಮದ ಇಕ್ಕಳ ಹಾಕಿ ತಂತಿ ಕತ್ತರಿಸಿದ.

"ಆಯಿ, ನಿಮ್ಮ ಕುರಿ ಭಾಳ ಮಜಬೂತ್ ಅದ. ನನ್ನ ಪೆಟ್ಟಿಗಿ ಅಷ್ಟಿಲ್ಲ," ಎಂದ. ಬಯ್ಯಲಿಲ್ಲ. ಬೈದಿದ್ದರೂ ಅವಳು ಕೇಳಿಸಿಕೊಳ್ಳುತ್ತಿದ್ದಳು.

ಕಾಲು ಮುರಿದಿರಲಿಲ್ಲ, ಚರ್ಮ ಸುಲಿದಿತ್ತು. ಕಾಂತಾಬಾಯಿ ಸೆರಗಿನ ಗಂಟಿನಿಂದ ಅರಿಶಿನ ತೆಗೆದು ಹಚ್ಚಿದಳು.  ಜ್ಞಾನೇಶ್ವರ ಕುರಿಯನ್ನು ಬಿಟ್ಟು, ಕಳಚಿ ಬಿದ್ದ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದ.

"ಸಮದಭಾಯಿ, ಇದು ಪೂರಾ ಹೊಲಿದಿದ್ರ ಹಿಂಗಾಗ್ತಿದ್ದಿಲ್ಲೇನು?"

"ಇವತ್ತ ಆಗ್ತಿದ್ದಿಲ್ಲ. ದಿನಾ ಹಿಂಡು ಹಾರ್ತು ಅಂದ್ರ ತಂತಿ ಎಷ್ಟ ದಿನ ತಾಳ್ತದ?"

"ಇವ್ರ ಹಿಂಡು ಮಾರಿದ್ರೂ ಮಹಾರಾಷ್ಟ್ರದ ಕಡಿಂದ ಬ್ಯಾಸಗಿಗಿ ಹಿಂಡು ಬರ್ತಾವ. ಅವೂ ನೀರು ಇಲ್ಲೇ ಕುಡೀತಾವ." ಜ್ಞಾನೇಶ್ವರ ತನಗೆ ತಾನೇ ಹೇಳಿಕೊಂಡಂತೆ ಹೇಳಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿದ. "ಬಂದ್ ಮಾಡಿದ್ರೂ ನನ್ನ ಹೊಲಾ ಉಳಿಯಂಗಿಲ್ಲ ಅನ್ರಿ."

"ನಾ ಏನೂ ಅಂದಿಲ್ಲಪ್ಪಾ."

"ನೀವು ಅನ್ನಂಗಿಲ್ಲ. ಅದೇ ನಿಮ್ಮ ಜೋಡಿ ಜಗಳಾಡೋದು ಕಷ್ಟ." ಕಾಲಿನಿಂದ ಮಣ್ಣಿನ ಹೆಂಟೆಯೊಂದನ್ನು ಒದ್ದ. "ಎಷ್ಟು ಅಗಲ ಬೇಕಂತ ಆ ಎಂಜಿನಿಯರ ಅಕ್ಕೋರಿಗಿ ಕೇಳ್ರಿ. ನಾಳಿ ನಾನೇ ಗೂಟಾ ಹೊಡೀತೇನಿ. ಒಂದು ಮಾತು. ಈ ಬ್ಯಾಸಗಿ ಹಿಂಡು ನನ್ನ ಹೊಲದಾಗೇ ತಂಗಬೇಕು, ಬ್ಯಾರೆ ಯಾರ ಹೊಲಕ್ಕೂ ಹೋಗಬಾರ್ದು."

"ಯಾವಾಗರ ಹೋಗ್ಯಾವೇನು?" ಎಂದಳು ಕಾಂತಾಬಾಯಿ.

ಜಾಗವಾಯಿತು. ಆದರೆ ಜಾಗವಾದ ಮಾತ್ರಕ್ಕೆ ಕುರಿ ಓರೆಯಾಗಿ ಇಳಿಯುವುದಿಲ್ಲ. ಅದು ಅವಳಿಗೆ ಗೊತ್ತು, ಗೌಡತಿಯ ಕಾಲಿನ ಗಾಯಕ್ಕೂ ಗೊತ್ತು. ಶೀತಲಳಿಗೆ ಇನ್ನೊಂದು ಚಿಂತೆ. ಅಲ್ಲಿನ ಮಣ್ಣು ಕಪ್ಪು ಎರೆ, ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಕೆಸರಾಗಿ ಕೊಚ್ಚಿ ಹೋಗುತ್ತದೆ. ಅದನ್ನು ತೆಗೆದು, ಹಲಬರ್ಗಾ ಕಡೆಯಿಂದ ಕೆಂಪು ಮಣ್ಣು ತಂದು ಪದರ ಪದರವಾಗಿ ಹಾಸಿ ಗಟ್ಟಿಮಾಡಬೇಕು. ಗಟ್ಟಿಮಾಡುವ ಯಂತ್ರ ಆ ಇಳಿಜಾರಿಗೆ ಇಳಿಯದು.

"ಒಂದು ರೋಲರ್ ಇರ್ತದ್ರಿ," ಎಂದಳು ಶೀತಲ. "ಡ್ರಮ್ಮಿನ ತುಂಬ ಗೊರಸಿನಂಥಾ ಮುಳ್ಳು. ಓದೂ ಮುಂದ ಅದಕ್ಕ ಕುರಿಕಾಲಿನ ರೋಲರ್ ಅಂತೇ ಹೇಳಿಕೊಟ್ರು. ಮೊದಲ ಕುರಿನೇ ತುಳಸ್ತಿದ್ರಂತ. ನಿಮ್ಮ ಹಿಂಡು ಕೊಡ್ತೀರೇನು?"

ಕಾಂತಾಬಾಯಿಗೆ ಮೊದಲು ನಗು ಬಂತು, ಆಮೇಲೆ ಅಂಜಿಕೆ. "ಹಸಿ ಮಣ್ಣಾಗ ನಿಂತ್ರ ಗೊರಸು ಕೊಳೀತಾವವ್ವಾ."

"ಹಸಿ ಬ್ಯಾಡ್ರಿ. ಹಿಡಿದ್ರ ಉಂಡಿ ಆಗೂವಷ್ಟು ತಂಪಿದ್ರ ಸಾಕು."

ಅವಳು ಒಂದು ದಿನ ವಿಚಾರ ಮಾಡಿದಳು. ಹಿಂಡು ಉಳಿಸಲು ಹೋಗಿ ಹಿಂಡಿನ ಕಾಲು ಕಳೆಯಬೇಕೆ ಎಂದು ಒಂದು ಮನಸ್ಸು. ಅಂಗಳದಲ್ಲಿ ಗೌಡತಿ ಗಾಯದ ಕಾಲು ಮಡಿಸಿ ಮಲಗಿತ್ತು. ಅದನ್ನು ನೋಡುತ್ತಿದ್ದಾಗ ಇನ್ನೊಂದು ವಿಚಾರ ಬಂತು. ಮಣ್ಣು ತುಳಿಯಬೇಕಾದರೆ ಹಿಂಡು ಆ ಓರೆದಾರಿಯಲ್ಲಿ ಇಳಿದು ಏರಿ, ಇಳಿದು ಏರಿ ಮಾಡಬೇಕು. ಅದೂ ನೀರಡಿಕೆ ಇಲ್ಲದ ಬೆಳಗಿನಲ್ಲಿ, ಅವಸರವಿಲ್ಲದೆ. ನೀರಡಿಸಿದಾಗ ಕಲಿಸಿದರೆ ಕುರಿ ಕಲಿಯುವುದಿಲ್ಲ. ನೀರಡಿಸದಾಗ ಕಲಿತದ್ದು ನೀರಡಿಸಿದಾಗ ನೆನಪಿಗೆ ಬಂದೀತು.

ಗೌಡತಿಯ ಗಾಯ ಮಾಯ್ದು, ಕೆಂಪು ಮಣ್ಣಿನ ಮೊದಲ ಪದರ ಹಾಸಿದ ಮರುದಿನ ಬೆಳಕು ಹರಿಯುವಾಗಲೇ ಹಿಂಡಿನೊಂದಿಗೆ ಬಂದಳು. ಆ ಬೆಳಗುಗಳು ಸುಲಭದವಲ್ಲ. ಕೆಂಪು ಮಣ್ಣಿನ ಬಣ್ಣ ಕಂಡೇ ಕುರಿಗಳು ಹೆಜ್ಜೆ ಇಡಲೊಲ್ಲವು. ಗುಂಪುಗಟ್ಟಿ ಒಂದರ ಬೆನ್ನಿನ ಹಿಂದೊಂದು ಅಡಗುತ್ತಿದ್ದವು. ಅವಳು ಗೌಡತಿಯ ಕೊರಳಿಗೆ ಕೈ ಹಾಕಿ, ಮಗುವನ್ನು ನಡೆಸಿದ ಹಾಗೆ ತಾನೇ ಮುಂದೆ ಇಳಿದಳು. ಇಳಿಜಾರಿನಲ್ಲಿ ಮೊಣಕಾಲು ನೋಯುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ಒಂದು ಹಿಡಿ ಜೋಳ ಕೊಡುತ್ತಿದ್ದಳು, ಮತ್ತೆ ಮೇಲೆ ಏರಿಸುತ್ತಿದ್ದಳು. ಹಳೇ ದಾರಿಯ ಬಾಯಿಗೆ ಜ್ಞಾನೇಶ್ವರ ಜಾಲಿಮುಳ್ಳು ಹಚ್ಚಿ ನಿಂತಿರುತ್ತಿದ್ದ. ಒಂದು ಪದರ ಗಟ್ಟಿಯಾದರೆ ಸಮದನ ಆಳುಗಳು ಇನ್ನೊಂದು ಹಾಸುತ್ತಿದ್ದರು. ಸಂಜೆ ಪ್ರತಿ ಕುರಿಯ ಗೊರಸನ್ನು ಎತ್ತಿ ನೋಡಿ, ಬೇವಿನೆಣ್ಣೆ ಅರಿಶಿನ ಹಚ್ಚಿ ಒಣನೆಲದಲ್ಲಿ ಬಿಡುತ್ತಿದ್ದಳು.

"ಸರಕಾರಿ ನೌಕರಿ ಹತ್ತೇದ ನಿಮ್ಮ ಹಿಂಡಿಗಿ," ಎಂದು ಸಮದ ನಗಾಡಿದ. "ಹಾಜರಿ ಕರೀರಿ."

"ಪಿಂಚಣಿ ಕೊಡ್ಸಪ್ಪಾ ಮೊದಲ," ಎಂದಳು ಕಾಂತಾಬಾಯಿ.

ಶೀತಲ ಕಬ್ಬಿಣದ ಸರಳೊಂದನ್ನು ಮಣ್ಣಿಗೆ ಚುಚ್ಚಿ ನೋಡುತ್ತಿದ್ದಳು. ಮೊದಮೊದಲು ಅದು ಸಲೀಸಾಗಿ ಇಳಿಯುತ್ತಿತ್ತು. ಬರುಬರುತ್ತ ಒತ್ತಿದರೂ ಇಳಿಯಲಿಲ್ಲ. ಅದೇ ಹೊತ್ತಿಗೆ ಗೌಡತಿಯ ಕೊರಳು ಹಿಡಿಯುವ ಅಗತ್ಯವೂ ಕಡಿಮೆಯಾಯಿತು. "ಮಣ್ಣಿಗಿ ದಾರಿ ಕೂಡ್ಲತ್ತದ, ಕುರಿಗೂ ಕೂಡ್ಲತ್ತದ," ಎಂದಳು ಕಾಂತಾಬಾಯಿ. ಆದರೆ ನೀರಡಿಸಿದ ದಿನದ ಮಾತೇ ಬೇರೆ ಎಂಬುದನ್ನು ಅವಳು ಮರೆತಿರಲಿಲ್ಲ.

ಬೇಸಿಗೆ ಬಲಿತ ಮೇಲೆ ಕಲ್ಲಿನ ಸಾಲು ಹಳೇ ದಾರಿಯನ್ನು ದಾಟಿ ಗೋಡೆಗೆ ಹತ್ತಿರ ಬಂತು. ಉಳಿದದ್ದು ಓರೆದಾರಿಯ ತಲೆಯ ಜಾಗವೊಂದೇ. ಕಲ್ಲು ಗೋಡೆಗೆ ಮುಟ್ಟುವುದರೊಳಗೆ ಅವಳು ಶೀತಲಳ ಕೈಯಲ್ಲಿ ಹೇಳಿ ಕಳಿಸಿದಳು. ಅಶೋಕಕುಮಾರ ಬೀದರದಿಂದ ಬಂದ.

"ನೀರು ಕುಡಿದ ಹಿಂಡು ತೋರ್ಸಿದ್ರ ನಾ ಒಪ್ಪಂಗಿಲ್ಲ ಅವ್ವಾರ."

"ನಿನ್ನಿಯಿಂದ ಕುಡಿಸಿಲ್ಲ," ಎಂದಳು.  ಅವಳೂ ಕುಡಿದಿರಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಡು ಬಂತು. ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ, ಒಂದರ ಮೇಲೊಂದು ಬಿದ್ದು. ನೀರಿನ ವಾಸನೆ ಬಂತು. ಗೌಡತಿ ತಲೆ ಎತ್ತಿ ಹಳೇ ದಾರಿಯ ಕಡೆಗೆ ಓಡಿತು. ಜಾಲಿಮುಳ್ಳು ಆ ದಿನ ಇರಲಿಲ್ಲ, ಅಶೋಕಕುಮಾರನೇ ತೆಗೆಸಿದ್ದ. ಜ್ಞಾನೇಶ್ವರ ಮುಂದೆ ಹೆಜ್ಜೆ ಇಟ್ಟ. ಕಾಂತಾಬಾಯಿ ಅವನ ತೋಳು ಹಿಡಿದು ನಿಲ್ಲಿಸಿದಳು.

ಗೌಡತಿ ಕಲ್ಲಿನ ಪೆಟ್ಟಿಗೆಯ ತನಕ ಹೋಯಿತು. ಮುಂಗಾಲು ಎತ್ತಿ ತಂತಿಯ ಮೇಲೆ ಇಟ್ಟಿತು. ಹಿಂದಿನವು ಅದರ ಬೆನ್ನಿಗೆ ಒತ್ತಿದವು. ಅಲ್ಲೇ ನಿಂತಿತು. ಮೂಗು ಅರಳಿಸಿತು. ಆಮೇಲೆ ಕಾಲು ತೆಗೆದು, ಕತ್ತು ಹೊರಳಿಸಿ, ಪೆಟ್ಟಿಗೆಗಳ ಬಗಲಿಗೇ ಓಡಿ ಓರೆದಾರಿಗೆ ಬಿತ್ತು. ಗಂಟೆಯ ಸದ್ದು ದಂಡೆಗುಂಟ ಇಳಿಯಿತು, ಹಿಂದೆ ಇಡೀ ಹಿಂಡು ಕೆಂಪು ಮಣ್ಣಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತ ಇಳಿಯಿತು. ಒಂದು ಕುರಿಯೂ ಕಲ್ಲು ಹತ್ತಲಿಲ್ಲ.

ಎಲ್ಲವೂ ಕುಡಿದವು. ಕಾಂತಾಬಾಯಿ ತಾನೂ ಇಳಿದು ಬೊಗಸೆಯಲ್ಲಿ ಕುಡಿದು, ಮುಖಕ್ಕೆ ಎರಚಿಕೊಂಡು, ಓರೆದಾರಿಯಲ್ಲೇ ಮೇಲೆ ಬಂದಳು.

"ಇಷ್ಟು ಜಾಗ ಬಿಟ್ಟು ಉಳಿದಿದ್ದು ಹೊಲೀರಿ," ಎಂದ ಅಶೋಕಕುಮಾರ ಸಮದನಿಗೆ. ಅವಳ ಕಡೆ ತಿರುಗಿ, "ಕುರಿ ಒಪ್ಪಿತು ಅವ್ವಾರ. ನಾನೂ ಒಪ್ಪಿದೆ. ಇನ್ನ ಹೊಳಿ ಒಪ್ಪಬೇಕು," ಎಂದ.

"ಕೇಳ್ತೇನ್ರಿ ಅದಕ್ಕೂ."

ಮಳೆ ಬಂತು. ಒಂದು ಬೆಳಗ್ಗೆ ಬ್ಯಾರೇಜಿನ ಸೈರನ್ ಕೂಗಿ ಬಾಗಿಲೆತ್ತಿದರು. ಕಾಂತಾಬಾಯಿ ಕಂಬಳಿ ಕೊಪ್ಪೆ ಹಾಕಿಕೊಂಡು ದಂಡೆಯ ಮೇಲಿನ ಹೊಲದಲ್ಲಿ ನಿಂತಳು, ಪಕ್ಕದಲ್ಲಿ ಜ್ಞಾನೇಶ್ವರ. ಕಂದು ನೀರು ಗೋಡೆಗುಂಟ ನುಗ್ಗಿ ಬಂತು, ಮೊದಲು ಒಳಗೆ ಹೊಗುತ್ತಿದ್ದ ಜಾಗಕ್ಕೆ ಬಂದು ಕಲ್ಲಿಗೆ ಬಡಿದು ನೊರೆಯಾಯಿತು. ಓರೆದಾರಿಯ ಕೆಳಗಿನ ಭಾಗ ಮುಳುಗಿತು. ಆಮೇಲೆ ನಡುಭಾಗವೂ ಮುಳುಗಿತು.

"ಹೋಯ್ತೇನು ವೈನಿ?"

"ಇಳೀಲಿ ತಡಿ."

ಇಳಿಯಲು ದಿನಗಳೇ ಹಿಡಿದವು. ಇಳಿದ ಮೇಲೆ ನೋಡಿದರೆ ಓರೆದಾರಿಯ ಬಾಯಿಯಲ್ಲಿ ಎಮ್ಮೆ ಮಲಗುವಷ್ಟು ಜಾಗ ಕೊಚ್ಚಿ ಹೋಗಿತ್ತು. ಉಳಿದದ್ದು ಇತ್ತು, ಗೊರಸಿನ ಗುರುತು ಸಹಿತ. ಮೇಲೆ ಶೀತಲ ಹಾಕಿದ ಕೆಂಪು ಗುರುತುಗಳು ಹಾಕಿದಲ್ಲೇ ಇದ್ದವು. ಹೊಲದ ಅಂಚು ಅಲುಗಿರಲಿಲ್ಲ. ಜ್ಞಾನೇಶ್ವರ ಅಂಚಿನುದ್ದಕ್ಕೂ ಹೋಗಿ ಬಂದ, ಮತ್ತೊಮ್ಮೆ ಹೋಗಿ ಬಂದ.

"ಬಾಯಿ ಹರದದಲ್ಲ ವೈನಿ, ಅಕ್ಕೋರಿಗಿ ಫೋನ್ ಮಾಡ್ಲೇನು?"

"ಮಾಡು, ಬರ್ತಾಳ. ಅಲ್ಲಿ ತನಕ ಸುಮ್ಮನ ಕೂಡೋದು ಬ್ಯಾಡ. ದಾರಿಗಿ ತಂದ ಕೆಂಪು ಮಣ್ಣು ಉಳದದಲ್ಲ ನಿನ್ನ ಕಣದಾಗ, ತಗೊಂಡು ಬಾ."

ಅವನು ಬುಟ್ಟಿ ತಲೆಗೆ ಏರಿಸಿಕೊಂಡು ಬಂದು ಹರಿದ ಬಾಯಿಗೆ ಸುರಿದ. ಮತ್ತೆ ಹೋದ, ಮತ್ತೆ ತಂದ. ಕಾಂತಾಬಾಯಿ ಒಂದು ಹಿಡಿ ಮಣ್ಣು ಎತ್ತಿ ಮುಷ್ಟಿ ಬಿಗಿದು ನೋಡಿದಳು. ಉಂಡೆ ಆಯಿತು. ಅದನ್ನು ಇದ್ದಲ್ಲೇ ಒತ್ತಿ, ಮೊಣಕಾಲ ಮೇಲೆ ಕೈಯೂರಿ ಎದ್ದು, ಗೌಡತಿಯನ್ನು ಕರೆದಳು. ಮೇಲಿನ ಹೊಲದಲ್ಲಿ ಗಂಟೆ ಅಲುಗಿತು.